ಮೀಟಿಯರ್ ಉಪಗ್ರಹಕ್ಕೊಂದು ಡಿಜಿಟಲ್ ರಿಸೀವರ್: ತಾರಸಿಯ ಆಂಟೆನಾದಿಂದ ಚಿತ್ರದವರೆಗೆ

ಹವಾಮಾನ ಉಪಗ್ರಹದಿಂದ ನೇರವಾಗಿ ಚಿತ್ರ ಇಳಿಸಿಕೊಳ್ಳುವ ಹವ್ಯಾಸಿಗಳಿಗೆ 2025ರಲ್ಲಿ ಎಲ್ಲವೂ ಬದಲಾಯಿತು. ಅಮೆರಿಕದ ನೋವಾ-15, 18 ಮತ್ತು 19 ಮೂರೂ ಆ ವರ್ಷ ಸೇವೆ ನಿಲ್ಲಿಸಿದವು. ಅವು ಕಳಿಸುತ್ತಿದ್ದ ಎಪಿಟಿ ಸಿಗ್ನಲ್ ಅನಲಾಗ್. ಎಫ್‌ಎಂ ಡಿಮಾಡ್ಯುಲೇಟ್ ಮಾಡಿ (ತರಂಗದಿಂದ ಅದು ಹೊತ್ತ ಮಾಹಿತಿ ಬಿಡಿಸಿ), ಬಂದ ಧ್ವನಿಯನ್ನು ರೆಕಾರ್ಡ್ ಮಾಡಿಕೊಂಡರೆ ಅದರಲ್ಲೇ ಚಿತ್ರ ಇರುತ್ತಿತ್ತು. ಈಗ 137 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಚಿತ್ರಕ್ಕಾಗಿ ಕಾಯುವವರಿಗೆ ಆಸರೆ ರಷ್ಯಾದ ಮೀಟಿಯರ್-ಎಂ ಸಾಲಿನ ಉಪಗ್ರಹಗಳು. 2023ರ ಜೂನ್‌ನಲ್ಲಿ ಹಾರಿದ ಎನ್2-3, 2024ರ ಫೆಬ್ರವರಿಯಲ್ಲಿ ಹಾರಿದ ಎನ್2-4. ಇವು ಕಳಿಸುವ ಎಲ್‌ಆರ್‌ಪಿಟಿ ಸಿಗ್ನಲ್ ಪೂರ್ತಿ ಡಿಜಿಟಲ್. ಇಲ್ಲಿ ಕಿವಿಗೆ ಕೇಳಿಸುವಂಥದ್ದು ಏನೂ ಇಲ್ಲ.

ಸ್ಯಾಟ್‌ಡಂಪ್ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸವನ್ನೆಲ್ಲ ಚೆನ್ನಾಗಿ ಮಾಡುತ್ತದೆ. ಚಿತ್ರ ಮಾತ್ರ ಬೇಕು ಅನ್ನುವವರು ಅದನ್ನೇ ಬಳಸಿ. ನನಗೆ ಬೇಕಿದ್ದದ್ದು ಒಳಗಿನ ಕೆಲಸ. ಆಂಟೆನಾದಿಂದ ಬಂದ ಸ್ಯಾಂಪಲ್‌ಗಳು (ಸಿಗ್ನಲನ್ನು ಕ್ಷಣಕ್ಷಣಕ್ಕೂ ಅಳೆದ ಅಂಕಿಗಳು) ಯಾವ ಯಾವ ಹಂತ ದಾಟಿ ಬಿಟ್ ಆಗುತ್ತವೆ, ಬಿಟ್‌ಗಳು ಹೇಗೆ ಮೋಡವಾಗಿ, ಕಡಲಾಗಿ ಕಾಣುತ್ತವೆ ಎಂದು ಸ್ವಂತ ಕೋಡ್‌ನಲ್ಲಿ ನೋಡಬೇಕಿತ್ತು. ಈ ಬರಹ ಆ ಕೆಲಸದ ಟಿಪ್ಪಣಿ. ಡಿಜಿಟಲ್ ಸಂವಹನ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗುವುದು ಕಷ್ಟ ಎಂದು ನನ್ನ ನಂಬಿಕೆ. ಪಠ್ಯದಲ್ಲಿ ಬರುವ ಪ್ರತಿಯೊಂದು ಬ್ಲಾಕ್ ಇಲ್ಲಿ ನಿಜವಾಗಿ ಬೇಕಾಗುತ್ತದೆ. ಒಂದನ್ನು ಬಿಟ್ಟರೂ ಚಿತ್ರ ಬರುವುದಿಲ್ಲ.

ಮೊದಲು ಸಿಗ್ನಲ್‌ನ ಪರಿಚಯ. ಫ್ರೀಕ್ವೆನ್ಸಿ 137.9 ಅಥವಾ 137.1 ಮೆಗಾಹರ್ಟ್ಸ್. ಸೆಕೆಂಡಿಗೆ 72,000 ಸಿಂಬಲ್ (ಒಂದೊಂದೂ ಎರಡು ಬಿಟ್ ಹೊರುವ ತುಣುಕು). ಮಾಡ್ಯುಲೇಷನ್ ಒಕ್ಯುಪಿಎಸ್‌ಕೆ. ಕ್ಯುಪಿಎಸ್‌ಕೆ ಎಂದರೆ ತರಂಗವನ್ನು ನಾಲ್ಕು ಕೋನಗಳಲ್ಲಿ ಒಂದಕ್ಕೆ ತಿರುಗಿಸಿ, ಐ ಮತ್ತು ಕ್ಯೂ ಎಂಬ ಎರಡು ದಾರಿಗಳಲ್ಲಿ ಒಂದೊಂದು ಬಿಟ್ ಕಳಿಸುವುದು. ಒಕ್ಯುಪಿಎಸ್‌ಕೆ ಎಂದರೆ ಆ ಎರಡು ದಾರಿಗಳಲ್ಲಿ ಒಂದನ್ನು ಅರ್ಧ ಸಿಂಬಲ್ ತಡ ಮಾಡಿ ಕಳಿಸುವುದು. ಎರಡೂ ಒಟ್ಟಿಗೆ ಬದಲಾಗದ ಕಾರಣ ಸಿಗ್ನಲ್‌ನ ಮಟ್ಟ ಸೊನ್ನೆಗೆ ಇಳಿಯುವುದಿಲ್ಲ. ಉಪಗ್ರಹದ ಪವರ್ ಆಂಪ್ಲಿಫೈಯರ್‌ಗೆ ಇದು ಅನುಕೂಲ. ಆದರೆ ನೆಲದ ಮೇಲೆ ರಿಸೀವರ್ ಬರೆಯುವವರಿಗೆ ಇದೇ ಅರ್ಧ ಸಿಂಬಲ್ ದೊಡ್ಡ ಕೆಲಸ ಹಚ್ಚುತ್ತದೆ. ಅದರ ಕಥೆ ಮುಂದೆ ವಿವರವಾಗಿ ಬರುತ್ತದೆ.

ಆಂಟೆನಾ ಮತ್ತು ಎಫ್‌ಎಂ ಕಾಟ

ಆಂಟೆನಾ ವಿ-ಡೈಪೋಲ್. 53.4 ಸೆಂಟಿಮೀಟರ್ ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿ, ನಡುವೆ 120 ಡಿಗ್ರಿ ಕೋನ, ನೆಲಕ್ಕೆ ಸಮನಾಗಿ, ಉತ್ತರ-ದಕ್ಷಿಣಕ್ಕೆ ಮುಖ ಮಾಡಿ ಮಲಗಿಸಿದ್ದು. ಪಿವಿಸಿ ಪೈಪಿನ ತುದಿಗೆ ಮರದ ತುಂಡು, ಅದರ ಮೇಲೆ ಕಡ್ಡಿಗಳು, ನಡುವೆ ಸ್ಕ್ರೂ ಹಾಕುವ ಕನೆಕ್ಟರ್. ಉಪಗ್ರಹದ ತರಂಗ ಬಲಸುತ್ತಿನ ವೃತ್ತ ಧ್ರುವೀಕರಣದ್ದು, ಈ ಆಂಟೆನಾ ನೇರ ಧ್ರುವೀಕರಣದ್ದು. ಹಾಗಾಗಿ 3 ಡಿಬಿ ನಷ್ಟ ಖಂಡಿತ. ಅದನ್ನು ಒಪ್ಪಿಕೊಳ್ಳಬಹುದು. ಬದಲಿಗೆ ಕಟ್ಟುವುದು ಬಹಳ ಸುಲಭ.

ಕೇಬಲ್‌ಗೆ ಡಿಟಿಎಚ್‌ನವರು ಬಳಸುವ ಆರ್‌ಜಿ-6 ಸಾಕು. ಅದು 75 ಓಮ್, ರಿಸೀವರ್ 50 ಓಮ್ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆ ಹೊಂದಾಣಿಕೆಯ ಕೊರತೆಯಿಂದ ಹೋಗುವುದು 0.2 ಡಿಬಿಯಷ್ಟೂ ಇಲ್ಲ. ಒಂದು ವಿಷಯ ಮಾತ್ರ ನೆನಪಿಡಿ: ಅಗ್ಗದ ಆರ್‌ಜಿ-6ರ ಹೊರಜಾಲರಿ ಅಲ್ಯೂಮಿನಿಯಂ, ಅದಕ್ಕೆ ಬೆಸುಗೆ ಹತ್ತುವುದಿಲ್ಲ. ಕ್ರಿಂಪ್ ಮಾಡುವ ಎಫ್ ಕನೆಕ್ಟರ್ ಅಥವಾ ಸ್ಕ್ರೂ ಬಳಸಲೇಬೇಕು. ಇವೆಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದೇ ಸಾಲಿನ ಅಂಗಡಿಗಳಲ್ಲಿ ಸಿಗುತ್ತವೆ.

ರಿಸೀವರ್ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಅಂದರೆ ಲ್ಯಾಪ್‌ಟಾಪ್‌ನ ಯುಎಸ್‌ಬಿಗೆ ಚುಚ್ಚುವ ಸಣ್ಣ ರೇಡಿಯೊ. ಇದರೊಳಗಿನ ಆರ್‌ಟಿಎಲ್2832ಯು ಚಿಪ್ ಹುಟ್ಟಿದ್ದು ಡಿವಿಬಿ-ಟಿ ಟಿವಿ ನೋಡಲು. ಅದರಿಂದ ಕಚ್ಚಾ ಸ್ಯಾಂಪಲ್‌ಗಳನ್ನೇ ಹೊರಗೆ ತೆಗೆಯಬಹುದು ಎಂದು 2012ರ ಸುಮಾರಿಗೆ ಹವ್ಯಾಸಿಗಳು ತೋರಿಸಿಕೊಟ್ಟರು. ನಮ್ಮ ದೂರದರ್ಶನದ ಡಿಜಿಟಲ್ ಪ್ರಸಾರ ಡಿವಿಬಿ-ಟಿ2 ಆದ್ದರಿಂದ ಈ ಡಾಂಗಲ್‌ನಲ್ಲಿ ಇಲ್ಲಿ ಟಿವಿ ಬರುವುದಿಲ್ಲ. ಆದರೆ ಅದೇ ಚಿಪ್ ಉಪಗ್ರಹದ ಚಿತ್ರ ಕೊಡುತ್ತದೆ. ಕೊಳ್ಳುವಾಗ ಟಿಸಿಎಕ್ಸ್‌ಒ (ತಾಪಮಾನ ಬದಲಾದರೂ ಹೆಚ್ಚು ಸರಿಯದ ಕ್ರಿಸ್ಟಲ್) ಇರುವುದನ್ನೇ ಕೊಳ್ಳಿ. ಮಾಮೂಲಿ ಕ್ರಿಸ್ಟಲ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ಆಚೀಚೆ ಆದರೆ 137.9 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 7 ಕಿಲೋಹರ್ಟ್ಸ್. ಉಪಗ್ರಹದ ಡಾಪ್ಲರ್ (ಅದರ ವೇಗದಿಂದ ಫ್ರೀಕ್ವೆನ್ಸಿ ಸರಿಯುವುದು) ಅತಿ ಹೆಚ್ಚೆಂದರೆ 3 ಕಿಲೋಹರ್ಟ್ಸ್. ಅಂದರೆ ಸೆಕೆಂಡಿಗೆ ಏಳು ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಹೋಗುವ ಉಪಗ್ರಹಕ್ಕಿಂತ ಮೇಜಿನ ಮೇಲಿನ ಕ್ರಿಸ್ಟಲ್‌ನಿಂದಲೇ ಜಾಸ್ತಿ ತೊಂದರೆ!

ಡಾಂಗಲ್‌ನ ಎಡಿಸಿ (ಸಿಗ್ನಲನ್ನು ಅಂಕಿಗೆ ಬದಲಿಸುವ ಭಾಗ) ಬರೀ 8 ಬಿಟ್. ಕಾಣುವುದು ಸುಮಾರು 50 ಡಿಬಿ ಅಂತರದ ಸಿಗ್ನಲ್‌ಗಳನ್ನಷ್ಟೇ. ದೊಡ್ಡ ಊರಿನಲ್ಲಿ 91ರಿಂದ 104 ಮೆಗಾಹರ್ಟ್ಸ್ ತನಕ ಎಫ್‌ಎಂ ಕೇಂದ್ರಗಳು ಸಾಲಾಗಿ ನಿಂತಿರುತ್ತವೆ. ಅವುಗಳ ಗೋಪುರ ಕೆಲವೇ ಕಿಲೋಮೀಟರ್ ದೂರ, ಉಪಗ್ರಹ ತಲೆಯ ಮೇಲಿದ್ದಾಗಲೂ 820 ಕಿಲೋಮೀಟರ್ ದೂರ. ಉಪಗ್ರಹಕ್ಕಾಗಿ ಗೇನ್ ಏರಿಸಿದ ಕೂಡಲೇ ಟ್ಯೂನರ್ ಎಫ್‌ಎಂನಿಂದ ತುಂಬಿ ಹೋಗುತ್ತದೆ. ವಾಟರ್‌ಫಾಲ್‌ನಲ್ಲಿ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ, ಕೆಳಗೆ ಹರಿಯುವ ಚಿತ್ರ) ಇದನ್ನು ಗುರುತಿಸುವುದು ಸುಲಭ. ಗೇನ್ ಒಂದು ಮೆಟ್ಟಿಲು ಏರಿಸಿದಾಗ ಗದ್ದಲದ ನೆಲ ಅದಕ್ಕಿಂತ ಜಾಸ್ತಿ ಏರಿದರೆ, ಇಲ್ಲದ ಕಡೆ ಹಾಡು ಕೇಳಿಸಿದರೆ, ಅದು ಓವರ್‌ಲೋಡ್.

ಇಂಥ ಕಡೆ ಹಲವರು ಮೊದಲು ಎಲ್‌ಎನ್‌ಎ (ಕಡಿಮೆ ಗದ್ದಲದ ಆಂಪ್ಲಿಫೈಯರ್) ಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಬೇಕಾದ್ದು ಫಿಲ್ಟರ್. ತುಂಬಿದ ಟ್ಯೂನರ್‌ಗೆ ಇನ್ನಷ್ಟು ಗೇನ್ ಕೊಟ್ಟು ಏನು ಪ್ರಯೋಜನ ಅಲ್ವಾ? ಫಿಲ್ಟರ್‌ಗೆ ನಾನು ಅದೇ ಆರ್‌ಜಿ-6 ಕೇಬಲ್‌ನ ತುಂಡೊಂದನ್ನು ಬಳಸಿದೆ. ಕಾಲು ತರಂಗಾಂತರ ಉದ್ದದ ಕೇಬಲ್‌ನ ಒಂದು ತುದಿಯನ್ನು ತೆರೆದು ಬಿಟ್ಟರೆ ಇನ್ನೊಂದು ತುದಿ ಆ ಫ್ರೀಕ್ವೆನ್ಸಿಗೆ ಶಾರ್ಟ್‌ನಂತೆ ಕಾಣುತ್ತದೆ. 98 ಮೆಗಾಹರ್ಟ್ಸ್‌ಗೆ ಕಾಲು ತರಂಗಾಂತರ 76.5 ಸೆಂಟಿಮೀಟರ್. ಫೋಮ್ ಇರುವ ಆರ್‌ಜಿ-6ರ ವೇಗಾಂಶ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್‌ನಲ್ಲಿ ತರಂಗದ ವೇಗ) ಸುಮಾರು 0.83. ಗುಣಿಸಿದರೆ 63.5 ಸೆಂಟಿಮೀಟರ್. ಸ್ವಲ್ಪ ಉದ್ದವಾಗಿಯೇ ಕತ್ತರಿಸಿ, ಎಫ್‌ಎಂ ಮಟ್ಟ ನೋಡುತ್ತಾ ಸ್ವಲ್ಪ ಸ್ವಲ್ಪವೇ ಮೊಟಕು ಮಾಡಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ಒಂದು ತೊಡಕಿದೆ. 137.9 ಮೆಗಾಹರ್ಟ್ಸ್‌ನಲ್ಲಿ ಇದೇ ತುಂಡು ಇಂಡಕ್ಟರ್‌ನಂತೆ ವರ್ತಿಸಿ ಸುಮಾರು 1.6 ಡಿಬಿ ತಿನ್ನುತ್ತದೆ. ಅದನ್ನು ಸರಿದೂಗಿಸಲು ಅಡ್ಡಲಾಗಿ ಒಂದು ಕೆಪಾಸಿಟರ್ ಬೇಕು. ಲೆಕ್ಕದಲ್ಲಿ 21 ಪಿಕೋಫ್ಯಾರಡ್ ಬರುತ್ತದೆ. ಅಂಗಡಿಯಲ್ಲಿ ಸಿಗುವ 22 ಪಿಕೋಫ್ಯಾರಡ್ ಸೆರಾಮಿಕ್ ಸರಿಹೋಗುತ್ತದೆ. ಸಣ್ಣ ತಗಡಿನ ಡಬ್ಬಿಗೆ ಮೂರು ಎಫ್ ಸಾಕೆಟ್ ಕೂರಿಸಿ, ನಡುಪಿನ್ನುಗಳನ್ನು ಒಟ್ಟಿಗೆ ಬೆಸೆದು, ಅಲ್ಲಿಂದ ಡಬ್ಬಿಯ ಮೈಗೆ ಕೆಪಾಸಿಟರ್ ಹಾಕಿದೆ. ಒಂದು ಸಾಕೆಟ್‌ಗೆ ಆಂಟೆನಾ, ಒಂದಕ್ಕೆ ಡಾಂಗಲ್, ಮೂರನೆಯದಕ್ಕೆ ಆ ಕೇಬಲ್ ತುಂಡು. ಲೆಕ್ಕದ ಪ್ರಕಾರ 91 ಮತ್ತು 104ರ ಅಂಚಿನಲ್ಲೂ 13 ಡಿಬಿ ತಡೆ ಸಿಗುತ್ತದೆ, ನಡುವೆ ಇನ್ನೂ ಆಳ. ಇದನ್ನು ಹಾಕಿದ ಮೇಲೆ ಗೇನ್ ಏರಿಸಲು ಜಾಗ ಸಿಕ್ಕಿತು.

ಇನ್ನೊಂದು ಕಾಟ ಮನೆಯೊಳಗಿನದ್ದು. ಎಲ್‌ಇಡಿ ಬಲ್ಬಿನ ಡ್ರೈವರ್, ಮೊಬೈಲ್ ಚಾರ್ಜರ್, ಇನ್ವರ್ಟರ್. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಇಟ್ಟು, ಮೇನ್ ಸ್ವಿಚ್ ಆರಿಸಿ, ಒಂದೊಂದೇ ಹಾಕುತ್ತಾ ಬಂದರೆ ಯಾವುದು ಎಂದು ಗೊತ್ತಾಗುತ್ತದೆ. ಕೇಬಲ್‌ಗೆ ಫೆರೈಟ್ ಕೋರ್ ಹಾಕಿ, ಆಂಟೆನಾವನ್ನು ಮೆಟ್ಟಿಲ ಕೋಣೆಯಿಂದ ದೂರದ ಮೂಲೆಗೆ ಸರಿಸಿದ್ದೇ ನನಗೆ ಸಾಕಾಯಿತು.

ಸ್ಯಾಂಪಲ್ ದರ ಮತ್ತು ಕೃತಕ ಸಿಗ್ನಲ್

ಸ್ಯಾಂಪಲ್ ದರ ಸೆಕೆಂಡಿಗೆ 11.52 ಲಕ್ಷ. ಈ ಅಂಕಿಗೆ ಕಾರಣ ಇದೆ. ಇದು 72,000ದ 16 ಪಟ್ಟು. ಡಾಂಗಲ್‌ನ 28.8 ಮೆಗಾಹರ್ಟ್ಸ್ ಕ್ಲಾಕ್‌ನ ಸರಿಯಾಗಿ 25ನೇ ಒಂದು ಭಾಗ. ಹಾಗಾಗಿ ಎಲ್ಲೂ ಭಿನ್ನರಾಶಿ ಉಳಿಯುವುದಿಲ್ಲ. ಮುಂದೆ ಫಿಲ್ಟರ್ ಮಾಡಿ ನಾಲ್ಕರಿಂದ ಇಳಿಸಿದರೆ 2,88,000, ಅಂದರೆ ಸಿಂಬಲ್‌ಗೆ 4 ಸ್ಯಾಂಪಲ್. ನಾಲ್ಕು ಪಟ್ಟು ಇಳಿಸುವಾಗ ಎಡಿಸಿಯ ಗದ್ದಲ ಹರಡಿದ್ದರಲ್ಲಿ ಮುಕ್ಕಾಲು ಭಾಗ ಹೊರಗೆ ಬೀಳುತ್ತದೆ. ಆ 6 ಡಿಬಿ, ಅಂದರೆ ಒಂದು ಬಿಟ್‌ನಷ್ಟು ಲಾಭ, 8 ಬಿಟ್ ಡಾಂಗಲ್‌ಗೆ ಚಿಕ್ಕದಲ್ಲ.

ಉಪಗ್ರಹ ಹಾದುಹೋಗುವಾಗ ನಾನು ಡಿಕೋಡ್ ಮಾಡಲು ಹೋಗುವುದಿಲ್ಲ. ಕಚ್ಚಾ ಸ್ಯಾಂಪಲ್‌ಗಳನ್ನು ಡಿಸ್ಕ್‌ಗೆ ಬರೆಯುತ್ತೇನೆ, ಅಷ್ಟೇ. 14 ನಿಮಿಷಕ್ಕೆ ಸುಮಾರು 1.9 ಜಿಬಿ. ಒಮ್ಮೆ ಫೈಲ್ ಕೈಗೆ ಬಂದರೆ ಅದೇ ಸಿಗ್ನಲ್ ಮೇಲೆ ಎಷ್ಟು ಬಗೆಯ ಲೂಪ್ (ತನ್ನ ದೋಷ ಅಳೆದು ತಾನೇ ತಿದ್ದಿಕೊಳ್ಳುವ ಕೋಡ್) ಬೇಕಾದರೂ ಓಡಿಸಿ ಹೋಲಿಸಬಹುದು.

ಅದಕ್ಕೂ ಮೊದಲು ಕೃತಕ ಸಿಗ್ನಲ್ ಮಾಡಿಕೊಂಡೆ. ಪೈಥಾನ್‌ನಲ್ಲಿ ಬಿಟ್‌ಗಳನ್ನು ಹುಟ್ಟಿಸಿ, ಸಿಂಬಲ್‌ಗಳಿಗೆ ಆಕಾರ ಕೊಡುವ ರೂಟ್ ರೈಸ್ಡ್ ಕೊಸೈನ್ ಫಿಲ್ಟರ್‌ನಲ್ಲಿ 0.6 ರೋಲ್-ಆಫ್ (ಅಂಚು ಇಳಿಯುವ ಹರವು) ಇಟ್ಟು, ಕ್ಯೂ ದಾರಿಯನ್ನು ಅರ್ಧ ಸಿಂಬಲ್ ತಡ ಮಾಡಿ, ಅದಕ್ಕೆ ಬೇಕಾದಷ್ಟು ಗದ್ದಲ, ಫ್ರೀಕ್ವೆನ್ಸಿ ವ್ಯತ್ಯಾಸ, ಡಾಪ್ಲರ್ ಇಳಿಜಾರು ಸೇರಿಸುವುದು. ಇದನ್ನು ದಯವಿಟ್ಟು ಬಿಡಬೇಡಿ. ಆಕಾಶದಿಂದ ಬಂದ ಸಿಗ್ನಲ್ ಡಿಕೋಡ್ ಆಗದಿದ್ದರೆ ತೊಂದರೆ ಆಂಟೆನಾದಲ್ಲಿದೆಯೋ ಕೋಡ್‌ನಲ್ಲಿದೆಯೋ ಗೊತ್ತಾಗುವುದಿಲ್ಲ. ಕೃತಕ ಸಿಗ್ನಲ್‌ನಲ್ಲಿ ಸರಿ ಉತ್ತರ ಏನೆಂದು ಗೊತ್ತಿರುತ್ತದೆ. ಪ್ರತಿ ಬಿಟ್‌ನ ಶಕ್ತಿಗೂ ಗದ್ದಲಕ್ಕೂ ಇರುವ ಅನುಪಾತ 4.3 ಡಿಬಿ ಇಟ್ಟರೆ ಸಿದ್ಧಾಂತದ ಪ್ರಕಾರ ನೂರರಲ್ಲಿ ಒಂದು ಬಿಟ್ ತಪ್ಪಬೇಕು. ನಿಮ್ಮ ರಿಸೀವರ್‌ನಲ್ಲಿ ನೂರಕ್ಕೆ ಮೂರು ತಪ್ಪಿದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಆ ಸೋರಿಕೆ ಹುಡುಕುವ ಕೆಲಸ ತಾರಸಿಗೆ ಹತ್ತುವ ಮೊದಲೇ ಮುಗಿಯಬೇಕು.

ಅರ್ಧ ಸಿಂಬಲ್‌ನ ಗಂಟು

ಈಗ ಅಸಲು ವಿಷಯ. ಯಾವುದೇ ಡಿಜಿಟಲ್ ರಿಸೀವರ್‌ಗೆ ಮೂರು ಸಂಗತಿ ಗೊತ್ತಿರುವುದಿಲ್ಲ: ಕ್ಯಾರಿಯರ್‌ನ (ಬಿಟ್‌ಗಳನ್ನು ಹೊತ್ತು ತರುವ ತರಂಗದ) ಫ್ರೀಕ್ವೆನ್ಸಿ ಎಷ್ಟು ಸರಿದಿದೆ, ಅದರ ಫೇಸ್ (ಕೋನ) ಎಷ್ಟು, ಸಿಂಬಲ್‌ನ ನಡುಬಿಂದು ಯಾವ ಕ್ಷಣದಲ್ಲಿದೆ. ಮಾಮೂಲಿ ಕ್ಯುಪಿಎಸ್‌ಕೆಯಲ್ಲಿ ಇವನ್ನು ಬಿಡಿಬಿಡಿಯಾಗಿ ಬಗೆಹರಿಸಬಹುದು. ಫ್ಲಾಯ್ಡ್ ಗಾರ್ಡ್ನರ್ 1986ರಲ್ಲಿ ಕೊಟ್ಟ ಟೈಮಿಂಗ್ ವಿಧಾನಕ್ಕೆ ಕ್ಯಾರಿಯರ್ ಫೇಸ್ ಗೊತ್ತಿರಬೇಕಿಲ್ಲ. ಅದಕ್ಕೇ ಹೆಚ್ಚಿನ ರಿಸೀವರ್‌ಗಳಲ್ಲಿ ಮೊದಲು ಟೈಮಿಂಗ್, ಆಮೇಲೆ ಕ್ಯಾರಿಯರ್ ಫೇಸ್ ಹಿಡಿಯಲು 1956ರಲ್ಲಿ ಜಾನ್ ಕೋಸ್ಟಾಸ್ ಕೊಟ್ಟ ಲೂಪ್.

ಒಕ್ಯುಪಿಎಸ್‌ಕೆಗೆ ಈ ಸಾಲು ನಡೆಯುವುದಿಲ್ಲ. ಗಾರ್ಡ್ನರ್ ವಿಧಾನ ಐ ದಾರಿಯ ದೋಷವನ್ನೂ ಕ್ಯೂ ದಾರಿಯ ದೋಷವನ್ನೂ ಕೂಡುತ್ತದೆ. ಇಲ್ಲಿ ಕ್ಯೂ ಅರ್ಧ ಸಿಂಬಲ್ ಹಿಂದಿದೆ. ಐ ದಾರಿ «ಮುಂದೆ ಸರಿ» ಎಂದಷ್ಟೇ ಬಲವಾಗಿ ಕ್ಯೂ ದಾರಿ «ಹಿಂದೆ ಸರಿ» ಎನ್ನುತ್ತದೆ. ಸಮಬಲದ ಇಬ್ಬರು ಹಗ್ಗ ಜಗ್ಗಿದಂತೆ ಮೊತ್ತ ಸೊನ್ನೆ. ಲೂಪ್ ಎಲ್ಲಿಗೂ ಹೋಗದೆ ಅಲೆಯುತ್ತಿರುತ್ತದೆ. ಹಾಗಾದರೆ ಮೊದಲೇ ಐ ಮತ್ತು ಕ್ಯೂ ಬಿಡಿಸಿ ಕ್ಯೂವನ್ನು ಅರ್ಧ ಸಿಂಬಲ್ ಸರಿಸಬಾರದೇ? ಬಿಡಿಸಬೇಕಾದರೆ ಕ್ಯಾರಿಯರ್ ಫೇಸ್ ಗೊತ್ತಿರಬೇಕು. ಫೇಸ್ ತಿಳಿಯಲು ಕೋಸ್ಟಾಸ್ ಲೂಪ್‌ಗೆ ಸರಿಯಾದ ಟೈಮಿಂಗ್ ಬೇಕು. ಒಂದಕ್ಕೊಂದು ಕಾಯುತ್ತಾ ಕೂರುತ್ತವೆ.

ಈ ಗಂಟು ಬಿಡಿಸುವ ಕೀಲಿ ಸಿಗ್ನಲ್‌ನೊಳಗೇ ಇದೆ. ಸ್ಯಾಂಪಲ್‌ಗಳನ್ನು ಸಂಕೀರ್ಣ ಸಂಖ್ಯೆಗಳಾಗಿಯೇ ವರ್ಗ ಮಾಡಿ, ಎಫ್‌ಎಫ್‌ಟಿ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ಕೊಡುವ ಲೆಕ್ಕ) ತೆಗೆಯಿರಿ. ಮೊದಲು ಗುಡ್ಡದಂತಿದ್ದ ಸ್ಪೆಕ್ಟ್ರಮ್‌ನಲ್ಲಿ ಎರಡು ಚೂಪಾದ ಗೆರೆಗಳು ಎದ್ದು ನಿಲ್ಲುತ್ತವೆ! ಕಾರಣ ಹೀಗಿದೆ. ವರ್ಗ ಮಾಡಿದಾಗ ಐ ವರ್ಗದಿಂದ ಕ್ಯೂ ವರ್ಗ ಕಳೆದಂತಾಗುತ್ತದೆ. ಎರಡೂ ವರ್ಗಗಳಲ್ಲಿ ಸಿಂಬಲ್ ದರದಲ್ಲಿ ಏರಿಳಿಯುವ ಒಂದು ಅಂಶ ಇರುತ್ತದೆ. ಅರ್ಧ ಸಿಂಬಲ್ ಅಂತರದಿಂದಾಗಿ ಅವುಗಳ ಚಿಹ್ನೆ ವಿರುದ್ಧ. ಕಳೆದಾಗ ಅವು ಕೂಡಿಕೊಳ್ಳುತ್ತವೆ, ಸ್ಥಿರ ಭಾಗ ಮಾತ್ರ ಅಳಿಸಿ ಹೋಗುತ್ತದೆ. ಹಾಗಾಗಿ ಗೆರೆಗಳು ಕ್ಯಾರಿಯರ್ ವ್ಯತ್ಯಾಸದ ಎರಡರಷ್ಟರಿಂದ 72 ಕಿಲೋಹರ್ಟ್ಸ್ ಮೇಲೆ ಒಂದು, 72 ಕಿಲೋಹರ್ಟ್ಸ್ ಕೆಳಗೆ ಒಂದು. ಅವುಗಳ ನಡುವಿನ ಅಂತರ 144 ಕಿಲೋಹರ್ಟ್ಸ್ ಇದ್ದರೆ ನೀವು ನೋಡುತ್ತಿರುವುದು ಮೀಟಿಯರ್‌ನ 72 ಕೆ ಸಿಗ್ನಲ್ಲೇ. ಎರಡು ಗೆರೆಗಳ ಸರಾಸರಿಯನ್ನು ಅರ್ಧ ಮಾಡಿದರೆ ಫ್ರೀಕ್ವೆನ್ಸಿ ವ್ಯತ್ಯಾಸ ಬಂತು.

ಇನ್ನೂ ಸೊಗಸಾದ ಭಾಗ ಫೇಸ್‌ನಲ್ಲಿದೆ. ಎರಡು ಗೆರೆಗಳ ಫೇಸ್‌ಗಳನ್ನು ಕೂಡಿಸಿದರೆ ಟೈಮಿಂಗ್ ಅಳಿಸಿ ಕ್ಯಾರಿಯರ್ ಫೇಸ್‌ನ ನಾಲ್ಕರಷ್ಟು ಉಳಿಯುತ್ತದೆ. ಕಳೆದರೆ ಕ್ಯಾರಿಯರ್ ಅಳಿಸಿ ಟೈಮಿಂಗ್ ಉಳಿಯುತ್ತದೆ. ಮೂರೂ ಸಂಗತಿಗಳ ಮೊದಲ ಅಂದಾಜು ಒಂದೇ ಎಫ್‌ಎಫ್‌ಟಿಯಿಂದ ಸಿಕ್ಕಿತು. ಸರಳ ಗಣಿತ, ಆದರೆ ಪರದೆಯ ಮೇಲೆ ಆ ಎರಡು ಗೆರೆಗಳು ಗದ್ದಲದ ನಡುವಿನಿಂದ ಎದ್ದು ಬರುವುದನ್ನು ನೋಡುವಾಗ ಆಗುವ ಖುಷಿ ಬೇರೆಯೇ. ಸ್ಪೆಕ್ಟ್ರಮ್‌ನಲ್ಲಿ ಸಿಗ್ನಲ್‌ನ ಗುಡ್ಡ ಕಣ್ಣಿಗೆ ಸರಿಯಾಗಿ ಕಾಣದಿದ್ದಾಗಲೂ ಗೆರೆಗಳು ಕಾಣುತ್ತವೆ.

ಎಫ್‌ಎಫ್‌ಟಿಯ ಉದ್ದ ಎಷ್ಟಿರಬೇಕು ಎಂಬುದಕ್ಕೂ ಲೆಕ್ಕ ಇದೆ. ಉಪಗ್ರಹ ನೆತ್ತಿಯ ಮೇಲೆ ಹಾದುಹೋಗುವಾಗ ಡಾಪ್ಲರ್ ಸೆಕೆಂಡಿಗೆ ಸುಮಾರು 27 ಹರ್ಟ್ಸ್ ಬದಲಾಗುತ್ತದೆ. ವರ್ಗ ಮಾಡಿದ ಮೇಲೆ ಅದು 54. ಎಫ್‌ಎಫ್‌ಟಿ ತುಂಬಾ ಉದ್ದವಾದರೆ ಗೆರೆ ಹಲವು ಬಿನ್‌ಗಳಿಗೆ (ಎಫ್‌ಎಫ್‌ಟಿಯ ಫ್ರೀಕ್ವೆನ್ಸಿ ಮನೆಗಳಿಗೆ) ಹರಡಿ ತೆಳುವಾಗುತ್ತದೆ. ನಾನು 16,384 ಸ್ಯಾಂಪಲ್ ತೆಗೆದುಕೊಂಡೆ. ಅದು 57 ಮಿಲಿಸೆಕೆಂಡ್. ಅಷ್ಟರಲ್ಲಿ ಗೆರೆ ಸರಿಯುವುದು ಸುಮಾರು 3 ಹರ್ಟ್ಸ್, ಬಿನ್‌ನ ಅಗಲ 17.6 ಹರ್ಟ್ಸ್. ಆರಾಮಾಗಿ ಒಂದೇ ಬಿನ್‌ನಲ್ಲಿ ಕೂರುತ್ತದೆ.

ಈ ಅಂದಾಜಿನಿಂದ ಹೊರಟು ಮುಂದಿನದ್ದನ್ನು ಲೂಪ್ ನೋಡಿಕೊಳ್ಳುತ್ತದೆ. ಪ್ರತಿ ಸ್ಯಾಂಪಲ್ ಮೊದಲು ರೂಟ್ ರೈಸ್ಡ್ ಕೊಸೈನ್ ಫಿಲ್ಟರ್ ದಾಟುತ್ತದೆ, 65 ಟ್ಯಾಪ್. ಆಮೇಲೆ ಕ್ಯಾರಿಯರ್ ಫೇಸ್‌ನಷ್ಟು ತಿರುಗುತ್ತದೆ. ಇಂಟರ್‌ಪೊಲೇಟರ್ (ಸ್ಯಾಂಪಲ್‌ಗಳ ನಡುವಿನ ಬೆಲೆ ಲೆಕ್ಕ ಹಾಕುವ ಭಾಗ) ಪ್ರತಿ ಅರ್ಧ ಸಿಂಬಲ್‌ಗೆ ಒಂದು ಬಿಂದು ಕೊಡುತ್ತದೆ. ಒಂದು ಬಿಂದುವಿನಿಂದ ಐ ಮಾತ್ರ ತೆಗೆದುಕೊಳ್ಳುತ್ತೇನೆ, ಮುಂದಿನ ಬಿಂದುವಿನಿಂದ ಕ್ಯೂ ಮಾತ್ರ. ಎರಡನ್ನೂ ಜೋಡಿಸಿದರೆ ಒಂದು ಸಿಂಬಲ್. ಉಳಿದ ಅರ್ಧಗಳೂ ವ್ಯರ್ಥವಲ್ಲ, ಟೈಮಿಂಗ್ ದೋಷ ಅಳೆಯಲು ಅವೇ ಬೇಕು. ಕ್ಯಾರಿಯರ್ ದೋಷ ಜೋಡಿಯಿಂದ ಸಿಗುತ್ತದೆ. ಎರಡೂ ಲೂಪ್‌ಗಳು ಒಂದೇ ಸುತ್ತಿನಲ್ಲಿ ಒಟ್ಟಿಗೆ ತಿದ್ದಿಕೊಳ್ಳುತ್ತವೆ. ಈ ಭಾಗ ಸಿಂಬಲ್‌ನಿಂದ ಸಿಂಬಲ್‌ಗೆ ನಡೆಯುವುದರಿಂದ ಬರೀ ಪೈಥಾನ್‌ನಲ್ಲಿ ಬಹಳ ನಿಧಾನ. ಇದನ್ನು ಸಿ ಭಾಷೆಯಲ್ಲಿ ಬರೆದೆ.

ಲೂಪ್‌ನ ಬ್ಯಾಂಡ್‌ವಿಡ್ತ್‌ಗಳನ್ನು ಸುಮ್ನೆ ಊಹಿಸಬೇಕಿಲ್ಲ. ಕ್ಯಾರಿಯರ್ ಲೂಪ್‌ಗೆ 100 ಹರ್ಟ್ಸ್ ಸಾಕು. ಸೆಕೆಂಡಿಗೆ 27 ಹರ್ಟ್ಸ್ ಇಳಿಜಾರನ್ನು ಎರಡನೇ ದರ್ಜೆಯ ಲೂಪ್ ಇಷ್ಟರಲ್ಲೇ ಹಿಂಬಾಲಿಸುತ್ತದೆ, ಉಳಿಯುವ ಫೇಸ್ ದೋಷ ಒಂದು ಡಿಗ್ರಿಗಿಂತ ಕಡಿಮೆ. ಟೈಮಿಂಗ್ ಲೂಪ್ ಇನ್ನೂ ಕಿರಿದಾಗಿರಬಹುದು. ಡಾಪ್ಲರ್‌ನಿಂದ ಸಿಂಬಲ್ ದರ ಬದಲಾಗುವುದು ಸೆಕೆಂಡಿಗೆ ಒಂದೂವರೆ ಸಿಂಬಲ್ ಆಚೀಚೆ ಮಾತ್ರ. ಅದಕ್ಕೆ 10 ಹರ್ಟ್ಸ್ ಕೊಟ್ಟೆ. ಲೂಪ್ ಕಿರಿದಾದಷ್ಟೂ ಅದರೊಳಗೆ ನುಗ್ಗುವ ಗದ್ದಲ ಕಡಿಮೆ. ದಿಗಂತದ ಬಳಿ ಉಪಗ್ರಹ ಸುಮಾರು 3,300 ಕಿಲೋಮೀಟರ್ ದೂರ ಇರುತ್ತದೆ, ಸಿಗ್ನಲ್ ನೆತ್ತಿಯ ಮೇಲಿದ್ದಾಗಿನದ್ದಕ್ಕಿಂತ 12 ಡಿಬಿ ಕಡಿಮೆ. ಅಲ್ಲಿ ಈ ಕಿರಿದು ಲೂಪ್‌ಗಳೇ ಕಾಪಾಡುತ್ತವೆ.

ಯಾವ ಹಂತ ಕೆಟ್ಟಿದೆ ಎಂದು ಕಾನ್ಸ್‌ಟಲೇಷನ್ ಚಿತ್ರವೇ (ಪ್ರತಿ ಸಿಂಬಲ್‌ನ ಐ ಮತ್ತು ಕ್ಯೂವನ್ನು ಒಂದು ಚುಕ್ಕಿಯಾಗಿ ಇಟ್ಟ ಚಿತ್ರ) ಹೇಳುತ್ತದೆ. ನಾಲ್ಕು ಗುಂಪಿನ ಬದಲು ಬಳೆಯಂತೆ ಕಂಡರೆ ಕ್ಯಾರಿಯರ್ ಲಾಕ್ ಆಗಿಲ್ಲ. ನಾಲ್ಕರ ಬದಲು ಮೂರು ಸಾಲು, ಮೂರು ಕಂಬವಾಗಿ ಒಂಬತ್ತು ಗುಂಪು ಕಂಡರೆ ಟೈಮಿಂಗ್ ಅರ್ಧ ಸಿಂಬಲ್ ತಪ್ಪಿದೆ. ಗುಂಪುಗಳು ಕಮಾನಿನಂತೆ ಬಾಗಿದ್ದರೆ ಲೂಪ್ ತುಂಬಾ ಅಗಲ, ಗದ್ದಲದ ಹಿಂದೆ ಓಡುತ್ತಿದೆ. ನಾಲ್ಕು ದುಂಡನೆಯ, ದಪ್ಪ ಗುಂಪು ಇದ್ದರೆ ರಿಸೀವರ್ ತನ್ನ ಕೆಲಸ ಸರಿಯಾಗಿ ಮಾಡಿದೆ, ಸಿಗ್ನಲ್ ಮಾತ್ರ ದುರ್ಬಲ. ಈ ಕೊನೆಯ ಸ್ಥಿತಿಯಲ್ಲಿ ಕೋಡ್ ಮುಟ್ಟಬೇಡಿ, ತಾರಸಿಗೆ ಹೋಗಿ ಆಂಟೆನಾ ನೋಡಿ.

ಬಿಟ್‌ಗಳಿಂದ ಚಿತ್ರಕ್ಕೆ

ಇಲ್ಲಿಂದ ಮುಂದೆ ದಾರಿ ಸ್ಪಷ್ಟ. ದರ ಅರ್ಧ, 64 ಸ್ಥಿತಿಗಳ ಕನ್ವಲ್ಯೂಷನಲ್ ಕೋಡ್. ಅಂದರೆ ತಪ್ಪು ತಿದ್ದಲು ಪ್ರತಿ ಬಿಟ್‌ಗೆ ಎರಡು ಬಿಟ್ ಕಳಿಸುವುದು. ಇದೇ ಕೋಡ್ 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಲ್ಲೂ ಇದೆ. ಬಿಡಿಸಲು ಆಂಡ್ರ್ಯೂ ವಿಟರ್ಬಿ 1967ರಲ್ಲಿ ಕೊಟ್ಟ ವಿಧಾನ. ಒಂದು ಮಾತು ಒತ್ತಿ ಹೇಳಬೇಕು: ವಿಟರ್ಬಿಗೆ 0 ಮತ್ತು 1 ಮಾಡಿ ಕೊಡಬೇಡಿ. ಬಿಂದು ಗಡಿಯಿಂದ ಎಷ್ಟು ದೂರ ಇದೆ ಎಂಬ ಅಂಕಿಯನ್ನೇ ಕೊಡಿ. ಇದರಿಂದ ಸುಮಾರು 2 ಡಿಬಿ ಲಾಭ. ತಾರಸಿಯಲ್ಲಿ 2 ಡಿಬಿ ಗಳಿಸಲು ಎಷ್ಟು ಒದ್ದಾಡಬೇಕು ಎಂದು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ನೂರರಲ್ಲಿ 5 ಬಿಟ್ ತಪ್ಪಿ ಬಂದರೂ ವಿಟರ್ಬಿ ದಾಟಿದ ಮೇಲೆ ಲಕ್ಷಕ್ಕೆ ಒಂದರ ಆಸುಪಾಸಿಗೆ ಇಳಿಯುತ್ತದೆ.

ಫೇಸ್‌ನ ಗೊಂದಲ ಒಂದು ಉಳಿದಿದೆ. ಕ್ಯಾರಿಯರ್ ಲೂಪ್ ನಾಲ್ಕು ಕೋನಗಳಲ್ಲಿ ಯಾವುದರಲ್ಲಾದರೂ ಲಾಕ್ ಆಗಬಹುದು. 180 ಡಿಗ್ರಿ ತಿರುಗಿದರೆ ಎಲ್ಲ ಬಿಟ್‌ಗಳೂ ತಲೆಕೆಳಗು, ಅಷ್ಟೇ. ಈ ಕೋಡ್‌ನಲ್ಲಿ ತಲೆಕೆಳಗಾದದ್ದು ತಲೆಕೆಳಗಾಗಿಯೇ ಹೊರಬರುತ್ತದೆ, ಮತ್ತು ಉಪಗ್ರಹ ಡಿಫರೆನ್ಷಿಯಲ್ ಕೋಡಿಂಗ್ (ಬಿಟ್‌ನ ಬದಲು ಹಿಂದಿನದ್ದರಿಂದ ಆದ ಬದಲಾವಣೆ ಕಳಿಸುವುದು) ಬಳಸುವುದರಿಂದ ಮುಂದಿನ ಹಂತದಲ್ಲಿ ತಾನೇ ಸರಿಹೋಗುತ್ತದೆ. 90 ಡಿಗ್ರಿ ತಿರುಗಿದರೆ ಮಾತ್ರ ಐ ಮತ್ತು ಕ್ಯೂ ಅದಲು ಬದಲಾಗಿ, ಜೋಡಿ ಅರ್ಧ ಸಿಂಬಲ್ ಜಾರುತ್ತದೆ. ಅದಕ್ಕೆ ಎರಡೂ ಬಗೆಯಲ್ಲಿ ವಿಟರ್ಬಿ ಓಡಿಸಿ, ಬಂದ ಬಿಟ್‌ಗಳನ್ನು ಮತ್ತೆ ಎನ್‌ಕೋಡ್ ಮಾಡಿ, ಮೂಲದೊಂದಿಗೆ ಹೋಲಿಸುತ್ತೇನೆ. ವ್ಯತ್ಯಾಸ ಕಡಿಮೆ ಇರುವುದು ಸರಿ. ಈ ಹೋಲಿಕೆ ಹಾದಿಯುದ್ದಕ್ಕೂ ನಡೆಯುತ್ತಿರಬೇಕು. ದುರ್ಬಲ ಸಿಗ್ನಲ್‌ನಲ್ಲಿ ಲೂಪ್ ನಡುವೆ ಜಾರಿ 90 ಡಿಗ್ರಿ ಆಚೆ ಕೂರುವುದುಂಟು.

ಆಮೇಲೆ 32 ಬಿಟ್‌ನ ಗುರುತು ಪದ ಹುಡುಕುವುದು. ಪ್ರತಿ 1,024 ಬೈಟ್‌ಗೆ ಒಮ್ಮೆ ಅದು ಬರುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 8.8 ಫ್ರೇಮ್. ಗುರುತಿನ 4 ಬೈಟ್ ಬಿಟ್ಟರೆ ಉಳಿದ 1,020ರಲ್ಲಿ ನಾಲ್ಕು ರೀಡ್-ಸಾಲಮನ್ ಬ್ಲಾಕ್‌ಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಪ್ರತಿ ಬ್ಲಾಕ್ 255 ಬೈಟ್, ಅದರಲ್ಲಿ 16 ಬೈಟ್ ತಪ್ಪಿದ್ದರೂ ತಿದ್ದಬಹುದು. ಹೆಣೆಯಲು ಕಾರಣ ವಿಟರ್ಬಿಯ ಸ್ವಭಾವ. ಅದು ತಪ್ಪಿದಾಗ ಒಂದೇ ಕಡೆ ಸಾಲಾಗಿ ತಪ್ಪುತ್ತದೆ. ಹೆಣೆದಿದ್ದರೆ ಆ ಸಾಲು ನಾಲ್ಕು ಬ್ಲಾಕ್‌ಗಳಿಗೆ ಹಂಚಿಹೋಗುತ್ತದೆ.

ಚಿತ್ರ ಜೆಪೆಗ್ ಮಾದರಿಯಲ್ಲಿ 8 ಪಿಕ್ಸೆಲ್ ಚೌಕಗಳಾಗಿ ಬರುತ್ತದೆ. ಒಂದು ಪ್ಯಾಕೆಟ್‌ನಲ್ಲಿ 14 ಚೌಕ, ಒಂದು ಸಾಲಿಗೆ 14 ಪ್ಯಾಕೆಟ್, ಒಟ್ಟು ಅಗಲ 1,568 ಪಿಕ್ಸೆಲ್. ಒಂದು ಪ್ಯಾಕೆಟ್ ಹೋದರೆ ಚಿತ್ರದಲ್ಲಿ 112 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಎತ್ತರದ ಕಪ್ಪು ಪಟ್ಟಿ. ಅನಲಾಗ್ ಎಪಿಟಿಯಲ್ಲಿ ಸಿಗ್ನಲ್ ಕುಗ್ಗಿದಂತೆ ಚಿತ್ರ ನಿಧಾನವಾಗಿ ಮಸುಕಾಗುತ್ತಿತ್ತು. ಇಲ್ಲಿ ಹಾಗಿಲ್ಲ. ಒಂದೋ ಸ್ವಚ್ಛ, ಇಲ್ಲ ಕಪ್ಪು.

ಉಪಗ್ರಹದ ಎಂಎಸ್‌ಯು-ಎಂಆರ್ ಉಪಕರಣದಲ್ಲಿ ಆರು ಚಾನೆಲ್ ಇವೆ. ಎಲ್‌ಆರ್‌ಪಿಟಿಯಲ್ಲಿ ಒಮ್ಮೆಗೆ ಮೂರು ಬರುತ್ತವೆ, ಪಿಕ್ಸೆಲ್‌ಗೆ ಸುಮಾರು ಒಂದು ಕಿಲೋಮೀಟರ್. ಹಗಲಿನ ಚಿತ್ರಗಳಲ್ಲಿ ನನಗೆ ಇಷ್ಟ 0.7ರಿಂದ 1.1 ಮೈಕ್ರಾನ್‌ನ ಎರಡನೇ ಚಾನೆಲ್. ಆ ಬೆಳಕನ್ನು ನೀರು ಹೀರಿಕೊಳ್ಳುತ್ತದೆ, ಗಿಡಮರ ಚೆನ್ನಾಗಿ ಪ್ರತಿಫಲಿಸುತ್ತದೆ. ಹಾಗಾಗಿ ಪಶ್ಚಿಮ ಘಟ್ಟ ಬೆಳ್ಳಗೆ, ಲಿಂಗನಮಕ್ಕಿ ಮತ್ತು ತುಂಗಭದ್ರಾ ಜಲಾಶಯಗಳು ಕಪ್ಪಗೆ ಎದ್ದು ಕಾಣುತ್ತವೆ. ಬೆಂಗಳೂರಿನ ತಾರಸಿಯಿಂದ ದಿಗಂತ ತೆರೆದಿದ್ದರೆ ಉಪಗ್ರಹ ಸುಮಾರು 3,000 ಕಿಲೋಮೀಟರ್ ಆಚೆಯ ನೆಲದ ಮೇಲಿರುವಾಗಲೇ ಅದು ಕಾಣಲು ಶುರು. ಒಳ್ಳೆಯ ಹಾದಿಯಲ್ಲಿ ಹಿಮಾಲಯದ ಹಿಮವೂ ಶ್ರೀಲಂಕಾದ ದಕ್ಷಿಣದ ಮೋಡವೂ ಒಂದೇ ಚಿತ್ರದಲ್ಲಿ ಬರುತ್ತವೆ.

ಈಗಿನ ಸ್ಥಿತಿ: ಉತ್ತರ ದಿಕ್ಕಿನಲ್ಲಿ ಪಕ್ಕದ ಕಟ್ಟಡದ ನೀರಿನ ಟ್ಯಾಂಕ್ ಅಡ್ಡ ಇರುವಷ್ಟು ಕೋನದಲ್ಲಿ ಫ್ರೇಮ್‌ಗಳು ಹೋಗುತ್ತವೆ, ಉಳಿದ ಕಡೆ ಉಪಗ್ರಹ ದಿಗಂತದಿಂದ ಸ್ವಲ್ಪ ಮೇಲೇರಿದ ಕೂಡಲೇ ಲಾಕ್ ಸಿಗುತ್ತದೆ. ಮುಂದೆ ಮಾಡಬೇಕಾದ್ದು ಎರಡು. ಒಂದು, ವೃತ್ತ ಧ್ರುವೀಕರಣದ ಕ್ಯುಎಫ್‌ಎಚ್ ಆಂಟೆನಾ ಕಟ್ಟಿ ಆ 3 ಡಿಬಿ ವಾಪಸ್ ಪಡೆಯುವುದು. ಇನ್ನೊಂದು, ಈ ಉಪಗ್ರಹಗಳು ಬಳಸಬಲ್ಲ 80 ಕೆ ಮೋಡ್. ಅದರಲ್ಲಿ ಬಿಟ್‌ಗಳನ್ನು ಇನ್ನೂ ಉದ್ದಕ್ಕೆ ಹೆಣೆದು ಕಳಿಸುತ್ತಾರೆ. ಡಿಮಾಡ್ಯುಲೇಟರ್‌ನಲ್ಲಿ ಬದಲಾಯಿಸಬೇಕಾದ್ದು ಸಿಂಬಲ್ ದರ ಮಾತ್ರ. ವರ್ಗ ಮಾಡಿದ ಸ್ಪೆಕ್ಟ್ರಮ್‌ನಲ್ಲಿ ಗೆರೆಗಳ ಅಂತರ 160 ಕಿಲೋಹರ್ಟ್ಸ್ ಕಂಡರೆ ಅದೇ ಮೋಡ್ ಎಂದು ಕೋಡ್ ತಾನಾಗಿ ಗುರುತಿಸುವಂತೆ ಬರೆಯುತ್ತಿದ್ದೇನೆ.